ಅತ್ತೆ ಮನೆಯ ಏಣಿ

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜಿನ ಅಂಚು ಉಜ್ಜುತ್ತ, ಅಕ್ಕಿಕಾಳಿಗಿಂತ ಚಿಕ್ಕ ಸ್ಕ್ರೂ ಬಿಗಿಯುತ್ತ ಕೂರುವ ನಲವತ್ತೊಂದರ ಹೆಂಗಸಿಗೆ ಬಂಡೆ ಹತ್ತುವ ಹುಚ್ಚು ಯಾಕೆ ಹಿಡಿಯಿತೋ, ಆ ಬಂಡೆಗೇ ಗೊತ್ತು. ಹಿಡಿದು ಆರು ವರ್ಷವಾಯಿತು. ಗಂಡನ ಮನೆಯವರು ಅವಳಿಗೆ ಹಲ್ಲಿ ಎಂದು ಹೆಸರಿಟ್ಟರು. ಹೆಸರಿಟ್ಟು ಸುಮ್ಮನಿದ್ದಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಮನೆಯ ಎತ್ತರದ ಕೆಲಸವೆಲ್ಲ ಇನ್ನು ಹಲ್ಲಿಯದೇ ಎಂದು ತೀರ್ಮಾನವನ್ನೂ ಮಾಡಿಬಿಟ್ಟರು.

ಈ ವಾರಾಂತ್ಯಕ್ಕಾಗಿ ಅವಳು ಒಂದು ತಿಂಗಳಿನಿಂದ ಕಾದಿದ್ದಳು. ಅತ್ತೆಯ ಮನೆಯಿಂದ ಕಾರಿನಲ್ಲಿ ಕಾಲುಗಂಟೆ ಹೋದರೆ ಅವಳ ಬಂಡೆ. ತುದಿ ಇನ್ನೆರಡು ಆಳೆತ್ತರ ಇದೆ ಎನ್ನುವಾಗ ಬೆರಳ ತುದಿಯಷ್ಟೇ ತೂರುವ ಒಂದು ಸೀಳು ಬರುತ್ತದೆ. ಮೂರು ವರ್ಷದಿಂದ ಅವಳು ಜಾರುತ್ತಿದ್ದುದು ಅಲ್ಲೇ. ಹದ್ದುಗಳು ಗೂಡು ಕಟ್ಟುವ ಕಾಲವೆಂದು ಸೋಮವಾರದಿಂದ ಆರು ತಿಂಗಳು ಅಲ್ಲಿ ಯಾರನ್ನೂ ಹತ್ತಲು ಬಿಡುವುದಿಲ್ಲ. ಶನಿವಾರ ಪೂರ್ತಿ ಮನೆಯವರಿಗೆ, ಭಾನುವಾರ ಬೆಳಗಿನ ಮೂರು ತಾಸು ತನಗೆ ಎಂದು ಗಂಡನ ಹತ್ತಿರ ಮಾತಾಗಿತ್ತು. ಅವನು ತಲೆಯಾಡಿಸಿದ್ದ. ಆ ಮನುಷ್ಯ ತಲೆಯಾಡಿಸದ ವಿಷಯ ಯಾವುದಿದೆ ಹೇಳಿ.

ಶನಿವಾರ ಅತ್ತೆಯ ತಂಗಿಯ ಮನೆ, ಆ ತಂಗಿಯ ಮಗಳ ಕೂಸು, ಕೂಸಿನ ಜೊತೆ ಫೋಟೊ, ಯಾರೋ ಕಣ್ಣು ಮುಚ್ಚಿದ್ದಕ್ಕೆ ಮತ್ತೊಂದು ಫೋಟೊ. ಎಲ್ಲದಕ್ಕೂ ನಿಂತಳು. ಭಾನುವಾರ ಏಳಕ್ಕೆ ಚೀಲ ಹೆಗಲಿಗೇರಿಸಿದಳೋ ಇಲ್ಲವೋ, ಅತ್ತೆ ಫ್ಯಾನಿನ ಕಡೆ ಕಣ್ಣೆತ್ತಿ ರಾಗ ಎಳೆದರು. ಹೇಗೂ ಹತ್ತುವವಳು, ಎರಡು ನಿಮಿಷ ಒರೆಸಿಕೊಟ್ಟು ಹೋಗಬಾರದೇ ಎಂದರು. ಫ್ಯಾನ್ ಮುಗಿಯಿತು. ಅಟ್ಟದಿಂದ ಸೂಟ್‌ಕೇಸ್ ಇಳಿಸಬೇಕಂತೆ. ಇಳಿಸಿದ ಮೇಲೆ, ಇದಲ್ಲ, ಇನ್ನೊಂದಂತೆ. ನೀರಿನ ಟ್ಯಾಂಕಿನ ಮುಚ್ಚಳ ಸರಿದಿದೆಯಂತೆ. ಗಂಡ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದ, ಕಣ್ಣು ಮಾತ್ರ ಫೋನಿನಲ್ಲಿ. ಬಂಡೆಯ ಬುಡದಲ್ಲಿ ಹಗ್ಗದ ಇನ್ನೊಂದು ತುದಿ ಹಿಡಿಯಬೇಕಾದ ಗೆಳತಿ, ಪಾಪ ಹಲ್ಲಿನ ಡಾಕ್ಟರು, ನಾಲ್ಕು ಸಲ ಫೋನ್ ಮಾಡಿ ಕೊನೆಗೆ ಅಲ್ಲೇ ಒಬ್ಬಳೇ ಊಟ ಮಾಡಿದಳು.

ನಾಲ್ಕು ಗಂಟೆಗೆ ಪರದೆಯ ಕಂಬಿ. ಅದೂ ಬಿದ್ದುಹೋಗಿದೆಯಂತೆ. ಕಳೆದ ಸಲ ಬಂದಾಗ ತನ್ನ ಕೈಯಾರೆ ಬಿಗಿದ ಕಂಬಿ! ಪಿತ್ತ ನೆತ್ತಿಗೇರಿತಾದರೂ ಏಣಿ ಹತ್ತಿ, ಅತ್ತೆ ತಟ್ಟೆಯಲ್ಲಿಟ್ಟು ಕೊಟ್ಟ ಸ್ಕ್ರೂಗಳನ್ನು ಕೈಗೆ ತೆಗೆದುಕೊಂಡಳು. ತೆಗೆದುಕೊಂಡವಳು ಹಾಗೇ ನಿಂತಳು. ತಾನಾಗಿ ಕಿತ್ತು ಬಿದ್ದ ಸ್ಕ್ರೂ ಹೇಗಿರುತ್ತದೆ, ತಿರುಗಿಸಿ ತೆಗೆದದ್ದು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕರ ತಲೆಯ ಮೇಲೂ ಸೊಟ್ಟ ಕೈಯ ಹೊಸ ಗೀರು. ಗೋಡೆಯ ತೂತು ಎಳ್ಳಷ್ಟೂ ಒಡೆದಿರಲಿಲ್ಲ.

“ಅತ್ತೆ, ಇದನ್ನ ಬಿಚ್ಚಿದ್ದು ನೀವೇ ಅಲ್ವಾ?”

ಅತ್ತೆ ಸೆರಗು ಸರಿಮಾಡಿಕೊಂಡರು. ಮಗನ ಕಡೆ ನೋಡಿದರು. ಮಗ ಫೋನು ನೋಡಿದ.

“ಹೂಂ, ನಾನೇ. ಇಲ್ಲಿ ಕೆಲಸ ಇದ್ರೆ ನೀನು ಅಲ್ಲಿಗೆ ಹೋಗಲ್ಲ. ನೀನು ಅಲ್ಲಿಗೆ ಹೋದ ದಿನ ಬಾಗಿಲು ಸದ್ದಾದ್ರೂ ಜೀವ ಬಾಯಿಗೆ ಬರುತ್ತೆ ನಂಗೆ.”

ಅವಳಿಗೆ ಅಳಬೇಕೋ ಏಣಿ ಒದೆಯಬೇಕೋ ತಿಳಿಯಲಿಲ್ಲ. “ಅಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿರ್ತೀನಿ ಅತ್ತೆ. ಇಲ್ಲಿ ಬೆಳಗ್ಗಿಂದ ನನ್ನ ಹಿಡ್ಕೊಂಡಿರೋದು ಯಾರು? ಇವರಾ?”

ಅತ್ತೆ ಏಣಿಯ ಅಲುಗುವ ಕಾಲನ್ನೂ ಫೋನಿನ ಮೇಲೆ ಓಡುತ್ತಿದ್ದ ಮಗನ ಹೆಬ್ಬೆರಳನ್ನೂ ನೋಡಿದರು. ಇಳಿ ಮೊದಲು ಎಂದರು. ಚಪ್ಪಲಿ ಮೆಟ್ಟಿಕೊಂಡು, ತಾನೂ ಬರುತ್ತೇನೆ ಎಂದು ಕಾರಿನಲ್ಲಿ ಕೂತುಬಿಟ್ಟರು.

ಬಂಡೆ ತಲುಪಿದಾಗ ನಾಲ್ಕೂವರೆ. ಅಲ್ಲೇ ಕಾದಿದ್ದ ಗೆಳತಿ ಹಗ್ಗ ಹಿಡಿದಳು. ಇವಳು ಹತ್ತಿದಳು. ಸೀಳಿನವರೆಗೆ ಹೋದಳು, ಬೆರಳು ತೂರಿಸಿದಳು, ಮೈ ಎತ್ತಿದಳು. ಬೆಳಗ್ಗಿನಿಂದ ಫ್ಯಾನು, ಸೂಟ್‌ಕೇಸು, ಟ್ಯಾಂಕು ಎಂದು ದುಡಿದ ತೋಳು ನಡುಗಿ ಬಿಟ್ಟುಕೊಟ್ಟಿತು. ಆಳೆತ್ತರ ಕೆಳಕ್ಕೆ ಬಿದ್ದಳು. ಹಗ್ಗ ಬಿಗಿದು, ಗಾಳಿಯಲ್ಲಿ ಒಮ್ಮೆ ತೂಗಿ ನಿಂತಳು.

ಗೆಳತಿ ನಿಧಾನವಾಗಿ ಕೆಳಗಿಳಿಸಿದಳು. ಅತ್ತೆ ಕಿರುಚಿರಲಿಲ್ಲ. ಹತ್ತಿರ ಬಂದು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬಿದ್ರೆ ಇಷ್ಟೇನಾ?”

“ಇಷ್ಟೇ.”

“ಹಾಗಿದ್ರೆ ಇನ್ನೊಂದ್ಸಲ ಹತ್ತು.”

“ಆಗಲ್ಲ ಅತ್ತೆ. ಇದ್ದ ಶಕ್ತಿಯೆಲ್ಲ ನಿಮ್ಮನೆ ಏಣಿ ಮೇಲೇ ಮುಗೀತು.” ಮುಷ್ಟಿ ಕಟ್ಟಿ ತೋರಿಸಲು ಹೋದಳು. ಬೆರಳು ಮಡಚಲಾಗಲಿಲ್ಲ.

ಅತ್ತೆ ಇಳಿಯುತ್ತಿದ್ದ ಬಿಸಿಲನ್ನು ನೋಡಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು, ಸೊಸೆಯ ಎರಡೂ ತೋಳನ್ನು ತೊಡೆಯ ಮೇಲೆ ಎಳೆದುಕೊಂಡು, ಮೊಣಕೈಯಿಂದ ಬೆರಳವರೆಗೆ ಬೇಗ ಬೇಗ ತಿಕ್ಕತೊಡಗಿದರು.