ಮೆಹರುನಬಿ ಬಾಯಿಬಿಟ್ಟ ಅಮಾವಾಸ್ಯೆ

ಮೂರು ತಾಲೂಕು ತಿರುಗಿದರೂ ಕಲಘಟಗಿಯ ಮೆಹರುನಬಿಯಂಥ ಅಂಜುಬುರುಕಿ ಸಿಗಲಿಕ್ಕಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಎದೆ ಹಿಡಿದುಕೊಳ್ಳುವಳು. ನಾಯಿ ಆಕಳಿಸಿದರೆ ಓಣಿ ಬದಲಿಸುವಳು. ಇಂಥವಳು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ಕೆಲಸಕ್ಕೆ ಸೇರಿದ್ದೇ ಒಂದು ಸೋಜಿಗ. ಗಂಡ ತೀರಿಹೋದ ಮೇಲೆ ಹೊಟ್ಟೆ ಕೇಳಬೇಕಲ್ಲ! ಆದರೆ ಆಕೆಯ ಕೈ ಬಲು ಮೆತ್ತಗೆ, ಆ ಮಾತು ಸುಳ್ಳಲ್ಲ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಎಲ್ಲವನ್ನೂ ತನ್ನ ಹೆತ್ತವರಿಗೆ ಮಾಡಿದ ಹಾಗೆಯೇ ಮಾಡುತ್ತಿದ್ದಳು.

ಈ ಆರೈಕೆಯ ಆಫೀಸು ಬಸ್ ಸ್ಟ್ಯಾಂಡಿನ ಹಿಂದೆ, ಎರಡು ಕೋಣೆಯದು. ಸುತ್ತಲಿನ ಊರುಗಳಿಗೆ ಹೆಂಗಸರು ಅಲ್ಲಿಂದ ಹೋಗುತ್ತಿದ್ದರು. ಬೇಕಾದವರಿಗೆ ಮಂಚ, ಆಕ್ಸಿಜನ್ ಸಿಲಿಂಡರ್ ಕೂಡ ಅಲ್ಲಿಂದಲೇ ಹೋಗುತ್ತಿದ್ದವು. ಸಿಲಿಂಡರ್ ಹೋಗುತ್ತಿತ್ತು, ಅದರ ಚಾವಿ ಹೋಗುತ್ತಿತ್ತು, ಜೊತೆಗೆ ಹೋಗಬೇಕಾದ ಬುದ್ಧಿಮಾತು ಮಾತ್ರ ಆಫೀಸಿನಲ್ಲೇ ಕೂತಿರುತ್ತಿತ್ತು. ಯಾರನ್ನು ಬೈಯೋಣ ಹೇಳಿ? ಎಲ್ಲರೂ ಹಾಗೆಯೇ ನಡೆಸಿಕೊಂಡು ಬಂದವರು.

ಮೆಹರುನಬಿಯ ಗ್ರಹಚಾರ ಶುರುವಾದದ್ದು ದಾವೂದಸಾಬರ ಮನೆಯಲ್ಲಿ. ತೊಟ್ಟಿಲಿಗೆ ಬಣ್ಣ ಹಚ್ಚಿ ಹಚ್ಚಿ ಎದೆ ಕೆಡಿಸಿಕೊಂಡ ಹಿರಿಯರು ಅವರು. ಮುಖಕ್ಕೆ ಮಾಸ್ಕ್, ಬಾಜೂಕ್ಕೆ ಸಿಲಿಂಡರ್. ಊಟಕ್ಕೆ ಮಾಸ್ಕ್ ತೆಗೆದಾಗ ಈಕೆ ಅದನ್ನು ಹಾಗೇ ಹೊದ್ದ ಕೌದಿಯ ಮೇಲೆ ಇಟ್ಟುಬಿಡುತ್ತಿದ್ದಳು. ಚಾವಿ ತಿರುವಿ ಬಂದ್ ಮಾಡುತ್ತಿರಲಿಲ್ಲ. ಉಂಡ ಮೇಲೆ ಮತ್ತೆ ಹಾಕುವುದೇ ತಾನೇ ಎಂಬ ಅಸಡ್ಡೆ.

ಗುರುವಾರ ಸಂಜೆ ಕೆಂಡದ ಮೇಲೆ ಲೋಬಾನ ಉದುರಿಸಿ ಕೋಣೆಕೋಣೆಗೂ ಹೊಗೆ ಹಿಡಿಯುವುದು ಆ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಅಂದು ಹಿರಿಯರ ಊಟ ಆಗಷ್ಟೇ ಮುಗಿದು ಮಾಸ್ಕ್ ಇನ್ನೂ ಕೌದಿಯ ಮೇಲೇ ಇತ್ತು, ಸೊಸೆಗೆ ಕೈಬಿಡುವಿರಲಿಲ್ಲ. ಕೆಂಡದ ತಟ್ಟೆ ಮೆಹರುನಬಿಯ ಕೈಗೆ ಬಂತು.

"ಹತ್ರ ತಾರವಾ, ನನಗೂ ಒಂದೀಟು ಬರಕತ್ ಸಿಗಲಿ," ಅಂದರು ದಾವೂದಸಾಬರು.

ಒಯ್ದಳು. ಒಂದು ಕಿಡಿ ಸಿಡಿದು ಕೌದಿಗೆ ಬಿತ್ತು. ಕಿಡಿ ಬಿದ್ದ ಕೌದಿ ಸಣ್ಣಗೆ ಹೊಗೆಯಾಡಬೇಕು, ಅಷ್ಟೇ. ಇದು ಭುಗ್ಗೆಂದು ಹೊತ್ತಿಕೊಂಡಿತು! ಮಾಸ್ಕಿನಿಂದ ಸೋರಿದ ಆಕ್ಸಿಜನ್ ಅರಿವೆಯ ತುಂಬ ಕೂತಿತ್ತೆಂದು ಆಕೆಗೆ ಯಾರು ಹೇಳಿದ್ದರು? ಮೈ ಒರೆಸಲು ತಂದಿಟ್ಟ ಬಕೆಟ್ಟಿನ ನೀರನ್ನು ಎತ್ತಿ ಸುರಿದಳು. ಬೆಂಕಿ ಆರಿತು. ಹಿರಿಯರಿಗೆ ಏನೂ ಆಗಲಿಲ್ಲ, ಗಡ್ಡ ಮಾತ್ರ ಅರ್ಧ ಸುಟ್ಟಿತ್ತು.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದರು ಆ ಪುಣ್ಯಾತ್ಮ, ಕೆಮ್ಮುತ್ತ. "ನಿನ್ನ ಕೆಲಸಾ ಹೋಗ್ತದ. ಹತ್ರ ತಾ ಅಂದದ್ದು ನಾನ ಅಲ್ಲೇನು? ಗಡ್ಡಾ ನಾನ ಬೋಳಿಸಿಕೊಂಡೆ ಅಂತೀನಿ."

ಕೆಲಸ ಹೋಗುವ ಮಾತು ಸುಳ್ಳಾಗಿರಲಿಲ್ಲ. ತನ್ನ ಕೈಯಿಂದ ಒಬ್ಬ ಅಜ್ಜಿ ಜಾರಿಬಿದ್ದಳೆಂದು ತಾನಾಗಿ ಬಂದು ಹೇಳಿದ ಜೊತೆಗಾತಿ ದೇವಕ್ಕನನ್ನು ಆಗಿನ ಮ್ಯಾನೇಜರ್ ಅದೇ ದಿನ ಮನೆಗೆ ಕಳಿಸಿದ್ದ. ಅಂದಿನಿಂದ ಹೆಂಗಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೆಹರುನಬಿಯೂ ಹಾಕಿಕೊಂಡಳು. ದಾವೂದಸಾಬರು ಚೇತರಿಸಿಕೊಂಡರು, ಸಿಲಿಂಡರ್ ಆಫೀಸಿಗೆ ವಾಪಸ್ ಹೋಯಿತು. ಆದರೆ ಗ್ಯಾಸ್ ಒಲೆ ಹೊತ್ತಿಸುವಾಗಲೆಲ್ಲ ಆಕೆ ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳುತ್ತಿದ್ದಳು.

ಹೀಗಿರುವಾಗ ಅಳ್ನಾವರದಿಂದ ಶಗುಫ್ತಾ ಎಂಬ ನರ್ಸು ಮೇಲ್ವಿಚಾರಕಿಯಾಗಿ ಬಂದಳು. ವಯಸ್ಸು ಚಿಕ್ಕದು, ಮಾತು ನೇರ. ಬಂದ ಸ್ವಲ್ಪ ದಿನಕ್ಕೇ ಎಲ್ಲರನ್ನೂ ಕೂರಿಸಿಕೊಂಡು ಕೇಳಿದಳು.

"ಎಲ್ಲೆರ ಏನರ ತಪ್ಪಾಗಿದ್ರ ಹೇಳ್ರಿ. ಯಾರ ಕೆಲಸಾನೂ ತೆಗಿಯೂದಿಲ್ಲ. ಗೊತ್ತಾದ್ರ ಸರಿ ಮಾಡೂಣು."

ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಮೆಹರುನಬಿ ನೆಲ ನೋಡುತ್ತ ಕೂತಳು.

ಸಭೆ ಮುಗಿದು ಹೊರಗೆ ಬಂದಾಗ, ತಂಬೂರು ಹಳ್ಳಿಯ ಮಲ್ಲಕ್ಕಜ್ಜಿಯನ್ನು ನೋಡಿಕೊಳ್ಳುವ ರೇಷ್ಮಾ ಬಸ್ಸಿಗೆ ಅವಸರ ಮಾಡುತ್ತಿದ್ದಳು. "ನಬಿ ಚಾಚಿ, ಬರ್ತೀನ್ರಿ. ಇವತ್ತ ಅಮಾಸಿ. ಸಂಜಿಕೆ ಅಜ್ಜಿಗೆ ದೃಷ್ಟಿ ತೆಗೀಬೇಕಂತ ಆಕಿ ಗಂಡ ಮುದಕಪ್ಪಜ್ಜ ಎಣ್ಣಿ ಬಟ್ಟಿ ರೆಡಿ ಮಾಡಿಟ್ಟಾನ," ಎಂದು ನಗುತ್ತ ಬಸ್ಸು ಹತ್ತಿದಳು.

ಬಸ್ಸು ಹೊರಟ ಮೇಲೆ ಮೆಹರುನಬಿಗೆ ಹೊಳೆಯಿತು. ದಾವೂದಸಾಬರ ಮನೆಯ ಸಿಲಿಂಡರ್ ಈಗ ಇರುವುದು ಮಲ್ಲಕ್ಕಜ್ಜಿಯ ಮಗ್ಗುಲಲ್ಲೇ. ದೃಷ್ಟಿ ಎಂದರೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ರೋಗಿಯ ತಲೆಯಿಂದ ಕಾಲಿನವರೆಗೆ ನಿವಾಳಿಸುವುದು. ಉರಿಯುವ ಎಣ್ಣೆ ತಟತಟ ತೊಟ್ಟಿಕ್ಕಬೇಕು, ಆಗಲೇ ಕೆಟ್ಟ ಕಣ್ಣು ಬಿಟ್ಟಿತೆಂದು ಲೆಕ್ಕ. ಇನ್ನು ರೇಷ್ಮಾ ಊಟಕ್ಕೆ ಮಾಸ್ಕ್ ತೆಗೆದು ಎಲ್ಲಿಡುತ್ತಾಳೆ? ಮೆಹರುನಬಿಯೇ ಕಲಿಸಿದ ಕೆಲಸ ಅದು, ಕೌದಿಯ ಮೇಲೆ.

ರೇಷ್ಮಾಳಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮನೆಗೆ ಹೋಗಿ ಅಕ್ಕಿ ಆರಿಸಲು ಕೂತಳು, ಆಗಲಿಲ್ಲ. ನನಗ್ಯಾಕ ಊರ ಉಸಾಬರಿ ಅಂದುಕೊಂಡಳು, ಅದೂ ಆಗಲಿಲ್ಲ. ಬಾಯಿ ಬಿಟ್ಟರೆ ಅನ್ನಕ್ಕೆ ಸಂಚಕಾರ, ಬಿಡದಿದ್ದರೆ ಒಂದು ಜೀವಕ್ಕೆ. ಹೊತ್ತು ಇಳಿಯುತ್ತಿತ್ತು. ಕಡೆಗೆ ಮೊರ ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಆಫೀಸಿಗೆ ಓಡಿದಳು.

"ಮೇಡಂರೀ, ನನ್ನ ಕೆಲಸಾ ತಕ್ಕೋರಿ, ಆದ್ರ ತಂಬೂರಿಗೆ ಈಗಿಂದೀಗ ನಡೀರಿ," ಎಂದು ಅಳುತ್ತಲೇ ಎಲ್ಲ ಒದರಿಬಿಟ್ಟಳು.

ಶಗುಫ್ತಾ ಕೂಡಲೇ ಎದ್ದಳು. ಮಲ್ಲಕ್ಕಜ್ಜಿಯ ಮಗ ಫಕೀರೇಶನಿಗೆ ಫೋನ್ ಮಾಡಿದಳು. ಅವನು ಹೊಲದಲ್ಲಿದ್ದನೋ ಏನೋ, ಎತ್ತಲಿಲ್ಲ. ಮೆಹರುನಬಿಯನ್ನು ಬೈಯಲೂ ಇಲ್ಲ, ಕೇಳಲೂ ಇಲ್ಲ, ಸ್ಕೂಟರ್ ತೆಗೆದಳು. ಹಿಂದೆ ಕೂತ ಮೆಹರುನಬಿಗೆ ದಾರಿಯುದ್ದಕ್ಕೂ ಕಣ್ಣು ಹಾಯಿಸಿದ ಕಡೆಯಲ್ಲೆಲ್ಲ ಹೊಗೆಯೇ ಕಾಣುತ್ತಿತ್ತು. ಗದ್ದೆಯಂಚಿಗೆ ಯಾರೋ ಕಸ ಸುಡುತ್ತಿದ್ದರೆ, ಆಯಿತು, ಮನೆಯೇ ಹೊತ್ತಿತು ಎಂದು ಚೀರಿದಳು.

ತಂಬೂರಿನ ಆ ಮನೆಗೆ ಹೊಕ್ಕಾಗ ದೀಪ ಹಚ್ಚುವ ಹೊತ್ತು. ಮುದಕಪ್ಪಜ್ಜ ಕೋಲಿನ ತುದಿಗೆ ಸುತ್ತಿದ ಬಟ್ಟೆಗೆ ಆಗಲೇ ಬೆಂಕಿ ಹಚ್ಚಿಕೊಂಡು ಕೋಣೆಯ ಹೊಸ್ತಿಲು ದಾಟುತ್ತಿದ್ದ. ಒಳಗೆ ರೇಷ್ಮಾ ಅಜ್ಜಿಗೆ ನುಚ್ಚು ಉಣಿಸುತ್ತಿದ್ದಳು. ಮಾಸ್ಕು ಕೌದಿಯ ಮೇಲೆ ಸುಯ್ಯೆನ್ನುತ್ತ ಬಿದ್ದಿತ್ತು.

ಹುಟ್ಟಿದಾಗಿನಿಂದ ಯಾರಿಗೂ ಎದುರಾಡದ ಮೆಹರುನಬಿ "ಅಜ್ಜಾ!" ಎಂದು ಕಿರುಚಿ ನುಗ್ಗಿದಳು. ಕೋಲು ಸಿಗಲಿಲ್ಲ, ಉರಿಯುವ ಬಟ್ಟೆಯೇ ಕೈಗೆ ಸಿಕ್ಕಿತು. ಕಿತ್ತುಕೊಂಡು ಅಂಗಳಕ್ಕೆ ಒಗೆದಳು. ಅಂಗೈಯಲ್ಲಿ ಬೊಬ್ಬೆಗಳೆದ್ದವು.

"ಯಾಕಬೇ, ಹುಚ್ಚು ಹಿಡದೈತೇನು ನಿನಗ? ಅಮಾಸಿ ದಿನಾ ದೃಷ್ಟಿ ಬೆಂಕಿ ಯಾರರ ಚೆಲ್ತಾರೇನು?" ಎಂದು ಅಜ್ಜ ಗುಡುಗಿದ.

"ಬೈರಿ ಅಜ್ಜಾರ, ಹೊಡೀರಿ ಬೇಕಾರ. ಆ ಮಾಸ್ಕಿನ ಗಾಳಿ ಬೆಂಕಿ ಕಂಡ್ರ ಬಿಡೂದಿಲ್ಲ. ಒಂದು ಮನ್ಯಾಗ ನಾನ ಹಚ್ಚೀನಿ, ನನ್ನ ಕಣ್ಣಿಲೆ ನೋಡೀನಿ!"

ಶಗುಫ್ತಾ ಅಷ್ಟರಲ್ಲಿ ಚಾವಿ ಬಂದ್ ಮಾಡಿ, ಕಿಟಕಿ ತೆರೆದು, ಕೌದಿಯನ್ನು ಹೊರಗೆ ಒಯ್ದಿದ್ದಳು. ರೇಷ್ಮಾ ಗರಬಡಿದವಳ ಹಾಗೆ ನಿಂತಿದ್ದಳು. ವಿಷಯ ತಿಳಿದಾಗ ಮುದಕಪ್ಪಜ್ಜ ಗೋಡೆ ಹಿಡಿದು ನೆಲಕ್ಕೆ ಕುಸಿದ. "ನನ್ನ ಕೈಯಾರೆ ಸುಟ್ಟಬಿಡ್ತಿದ್ನಲ್ಲೋ ಶಿವನ," ಅಂದ.

ಮರುದಿನದ ಸಭೆಗೆ ಮೆಹರುನಬಿ ಕೈಗೆ ಬ್ಯಾಂಡೇಜು ಕಟ್ಟಿಕೊಂಡು, ಕೆಲಸ ಹೋಯಿತೆಂದೇ ತಿಳಿದು ಬಂದಳು. ಮೊದಲು ಎದ್ದು ನಿಂತವಳು ಶಗುಫ್ತಾ.

"ಆ ಸಿಲಿಂಡರ್ ತಂಬೂರಿಗೆ ಕಳಿಸಿದಾಕಿ ನಾನು. ಆ ಮನ್ಯಾಗ ಬೆಂಕಿ ಎಲ್ಲಿ ಹಚ್ಚತಾರ ಅಂತ ಕೇಳಲಿಲ್ಲ. ಮೊದಲನೇ ತಪ್ಪು ನಂದು."

ಆಮೇಲೆ ಮೆಹರುನಬಿ ತನ್ನ ತಪ್ಪು ಹೇಳಿದಳು. ಆಮೇಲೆ, ಯಾರೂ ಕೇಳದೆಯೇ, ಒಬ್ಬೊಬ್ಬರೂ ಬಾಯಿ ಬಿಟ್ಟರು. ಒಬ್ಬಳು ಇಬ್ಬರ ಗುಳಿಗೆ ಅದಲುಬದಲು ಮಾಡಿದ್ದಳು. ಇನ್ನೊಬ್ಬಳು ಮಲಗಿದವನಿಗೆ ಹಾಗೇ ಗಂಜಿ ಕುಡಿಸಿದ್ದಳು, ಅವನ ಉಸಿರು ಸಿಕ್ಕಿಕೊಂಡಿತ್ತು. ಇಷ್ಟು ದಿನ ಮೆಹರುನಬಿ ತಾನೊಬ್ಬಳೇ ಪಾಪಿ ಎಂದು ಅಂಜಿದ್ದಳು. ಈಗ ನೋಡಿದರೆ ಯಾವ ಮನೆಯಲ್ಲೂ ಯಾರೂ ಸಾಯದೆ ಉಳಿದದ್ದೇ ದೊಡ್ಡ ಮಾತಾಗಿತ್ತು.

"ಇನ್ನ ಮುಂದ ಸಿಲಿಂಡರ್ ಜೋಡಿ ಒಬ್ರು ಹೋಗಬೇಕು," ಅಂದಳು ಶಗುಫ್ತಾ. "ಒಲಿ ಎಲ್ಲೈತಿ, ಲೋಬಾನ ಯಾವಾಗ, ದೃಷ್ಟಿ ಯಾವಾಗ, ಎಲ್ಲಾ ಮನಿ ಮಂದಿ ಮುಂದ ಕುಂತು ಮಾತಾಡಬೇಕು. ಒಪ್ಪಲಿಲ್ಲಂದ್ರ ಸಿಲಿಂಡರ್ ಅಲ್ಲಿ ಇಳಸೂದಿಲ್ಲ, ಪೇಷಂಟನ್ನ ದವಾಖಾನಿಗೆ ಕರ್ಕೊಂಡು ಬರೂದು. ಚಾಚಿ, ನೀವ ಹೋಗ್ರಿ."

"ನಾನಾ? ಮೇಡಂರೀ, ನನಗ ಇನ್ನೂ ಕೈಕಾಲು ನಡಗತಾವು. ಅಗದಿ ಅಂಜಿಕಿ ಬರ್ತೈತ್ರಿ."

"ಅಂಜಿಕಿ ಇಲ್ಲದಾಕೀನ್ನ ಕಳಿಸಾಕ ನನಗ ಅಂಜಿಕಿ ಬರ್ತೈತಿ."

ಮುಂದಿನ ಸಿಲಿಂಡರ್ ಹೊರಟ ದಿನ ಮೆಹರುನಬಿ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಡ್ರೈವರ್ ಯುನೂಸನ ಪಕ್ಕ ಕೂತಳು. ಬೆನ್ನ ಹಿಂದೆಯೇ ಸಿಲಿಂಡರ್. ಗಾಡಿ ಇನ್ನೂ ಊರು ದಾಟಿರಲಿಲ್ಲ, ಯುನೂಸ್ ಬೀಡಿ ತೆಗೆದು ಕಡ್ಡಿ ಗೀರಿದ.

"ಏ ತಮ್ಮಾ, ಆರಸು ಅದನ್ನ," ಅಂದಳು. ದನಿ ನಡುಗುತ್ತಿತ್ತು. "ಆರಸಲಿಲ್ಲಂದ್ರ ಗಾಡಿ ಇಲ್ಲೇ ನಿಂದರಸು. ಸಿಲಿಂಡರ್ ಇಳಿಸಿಕೊಂಡು ನಾನೂ ಇಳೀತೀನಿ."

ಯುನೂಸ್ ಆಕೆಯ ಮುಖ ನೋಡಿದ. ನಗಲು ಹೋದವನು ನಗಲಿಲ್ಲ, ಕಡ್ಡಿ ಊದಿ ಬೀಡಿಯನ್ನು ಕಿಸೆಗೆ ಹಾಕಿಕೊಂಡ.