ವಿಮಾನ ಬಿದ್ದ ಹೊಲದಲ್ಲಿ

“ಅವ್ನು ‘ಮಮ್ಮು, ಮಮ್ಮು’ ಅಂತಿದ್ದ ಮೇಷ್ಟ್ರೇ. ಪಾಪ, ಹಸಿವೇನೋ ಅಂತ ನಮ್ಮಮ್ಮ ಮನೆಗೆ ಓಡ್ಹೋಗಿ ಅನ್ನ ತಂದ್ಲು. ಬಾಯಿಗಿಟ್ರೆ ನುಂಗ್ಲೇ ಇಲ್ಲ,” ಎಂದರು ಮುನಿಯಮ್ಮಜ್ಜಿ.

ಹೋಳೂರಿನ ಬಳಿ, ಅವರ ಹಿಪ್ಪುನೇರಳೆ ತೋಟದಲ್ಲಿ ನಿಂತಿದ್ದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬರ್ ವಿಮಾನವೊಂದು ಅಲ್ಲಿ ಉರಿಯುತ್ತಾ ಬಿದ್ದಾಗ ಅಜ್ಜಿಗೆ ಎಂಟೋ ಒಂಬತ್ತೋ ವರ್ಷ. ಅದರಲ್ಲಿದ್ದ ಏಳು ಜನರೂ ಸತ್ತರು. ಒಬ್ಬನಿಗೆ ಮಾತ್ರ ಸ್ವಲ್ಪ ಹೊತ್ತು ಜೀವವಿತ್ತಂತೆ. ಸತ್ತವರಲ್ಲೊಬ್ಬರ ಸೋದರಳಿಯ, ಎಪ್ಪತ್ತು ದಾಟಿದವರು, ಆ ಜಾಗ ನೋಡಲೆಂದೇ ಇಂಗ್ಲೆಂಡಿನಿಂದ ಬಂದಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ನಾನು ಇಬ್ಬರ ಮಾತನ್ನೂ ಅನುವಾದಿಸುತ್ತಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಇಂಗ್ಲೆಂಡಿನಿಂದ ಬಂದವರಿಗೆ ಆ ಒಂದು ಪದ ಅರ್ಥವಾಗಿಬಿಟ್ಟಿತ್ತು. ಮುಖ ಮುಚ್ಚಿಕೊಂಡು ಬದುವಿನ ಮೇಲೆ ಕುಸಿದು ಕೂತರು.

“ಅಜ್ಜಿ, ಅವನು ಅನ್ನ ಕೇಳಲಿಲ್ಲ. ಅವರ ಭಾಷೇಲಿ ಹಾಗಂದ್ರೆ ಅಮ್ಮ ಅಂತ,” ಎಂದೆ.

“ಅಯ್ಯೋ ದೇವ್ರೇ, ಅಮ್ಮನ್ನ ಕರೀತಿದ್ನಾ? ಜೀವ ಹೋಗೋವರ್ಗೂ ನಮ್ಮಮ್ಮ ಅವನ ತಲೇನ ತೊಡೆ ಮೇಲಿಟ್ಕೊಂಡೇ ಕೂತಿದ್ಲು. ಇವ್ರಿಗೆ ಹೇಳಿ ಮೇಷ್ಟ್ರೇ.”

ಹೇಳಿದೆ. ಅವರು ಎದ್ದು ಬಂದು ಅಜ್ಜಿಯ ಎರಡೂ ಕೈಗಳನ್ನು ಹಿಡಿದುಕೊಂಡರು. ಹಾಗೆ ಕರೆದವನು ತಮ್ಮ ಸೋದರಮಾವನೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಅಜ್ಜಿಯ ತಾಯಿ ಆ ಮಗುವಿಗೆ ಒಂದು ತುತ್ತು ತಿನ್ನಿಸಲಾಗಲಿಲ್ಲವೆಂದು ಸಾಯುವವರೆಗೂ ಕೊರಗಿದ್ದರಂತೆ. ಅವರಿದ್ದಾಗ ಆ ಪದದ ಅರ್ಥ ಹೇಳುವವರು ಒಬ್ಬರೂ ಸಿಗಲಿಲ್ಲವಲ್ಲ ಎಂಬ ಸಂಕಟ ನನ್ನಲ್ಲಿ ಉಳಿದುಬಿಟ್ಟಿದೆ.