ಕತ್ತರಿ ಅತ್ತೆಯ ಹಳೇ ಸಾಲು

ಕತ್ತರಿ ಅತ್ತೆಗೆ ಕೋಪ ಬರುತ್ತದೆ ಎಂದು ಹೇಳುವುದೇ ತಪ್ಪು. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ? ಅತ್ತೆಯ ಕೋಪ ಎಲ್ಲಿಗೂ ಹೋದದ್ದಿಲ್ಲ. ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡು, ಒಂದು ದಿನವೂ ಬೀಗ ಹಾಕದೆ, ಅಲ್ಲೇ ಇತ್ತು.

ತಮ್ಮನ ಮಕ್ಕಳಿಗೆ ಸೋದರತ್ತೆಯಾದ್ದರಿಂದ ಅತ್ತೆ. ಸೊಂಟದಲ್ಲಿ ಸದಾ ಗಿಡ ಸವರುವ ಕತ್ತರಿ ಇರುತ್ತಿದ್ದುದರಿಂದ ಕತ್ತರಿ ಅತ್ತೆ. ನಾಲಿಗೆಯೂ ಅದೇ ಅಂಗಡಿಯದು ಎಂದು ಆಗದವರು ಸೇರಿಸುತ್ತಿದ್ದರು. ಆಗುವವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಅಂಗಡಿ ಎಂದರೆ ಅವಳ ಗಂಡನದು. ಮೊಳೆ, ಚಿಲಕ, ಬಕೆಟ್ಟು ಮಾರುವ ಕಬ್ಬಿಣದ ಸಾಮಾನಿನ ಅಂಗಡಿ. ಅದರ ಹಿಂದೆ ಒಂದು ಹಸಿರು ಕಡ್ಡಿಯೂ ಇಲ್ಲದ ಮನೆ. ಗಂಡ ತೀರಿಕೊಂಡಾಗ ಅವಳಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಮೈದುನಂದಿರು ಬಾಯುಪಚಾರಕ್ಕೆ, "ನಿಮಗೇನು ಬೇಕೋ ತಗೊಳ್ಳಿ ಅತ್ತಿಗೆ" ಎಂದರು. ಅವಳು ಗಾಜಿನ ಕಪಾಟು ತೆರೆದು, ಅಂಗಡಿಯಲ್ಲೇ ದುಬಾರಿಯಾದ ಕತ್ತರಿಯನ್ನು ಎತ್ತಿಕೊಂಡು ತವರಿಗೆ ಬಂದುಬಿಟ್ಟಳು. ಬಾಯುಪಚಾರದ ಮಾತನ್ನು ಹೀಗೆ ನಂಬುವವರೂ ಇದ್ದಾರೆಯೇ ಎಂದು ಮೈದುನಂದಿರು ಬಹಳ ದಿನ ಗೊಣಗಿದರು.

ತವರಿನಲ್ಲಿ ಆಗ ಮನೆಯ ಸುತ್ತಲೂ ಕಿತ್ತಳೆ ತೋಟ. ಎಲ್ಲ ಅಮ್ಮ ನೆಟ್ಟು ಬೆಳೆಸಿದ್ದು. ಅಮ್ಮ ಹೋದ ಮೇಲೆ ಕಸಿ ಕಟ್ಟಿದವಳು, ಒಣಕೊಂಬೆ ಸವರಿದವಳು, ಬುಡಕ್ಕೆ ಗೊಬ್ಬರ ಹೊತ್ತವಳು ಅತ್ತೆಯೇ. ತೋಟ ಕಾಗದದ ಮೇಲೆ ತಮ್ಮನದಾಗಿತ್ತು, ದುಡಿಮೆಯಲ್ಲಿ ಅಕ್ಕನದಾಗಿತ್ತು. ಹಾಗೇ ಇದ್ದಿದ್ದರೆ ಯಾರಿಗೂ ತಕರಾರಿರಲಿಲ್ಲ.

ತಮ್ಮ ಒಳ್ಳೆಯವನೇ. ಬರೀ ಒಳ್ಳೆಯವನಾಗಿದ್ದರೆ ತೊಂದರೆ ಇರಲಿಲ್ಲ. ಜೊತೆಗೆ ಬುದ್ಧಿವಂತನೂ ಆಗಿದ್ದ. ಒಂದು ಸಲ ಯಾವುದೋ ಊರಿನಲ್ಲಿ, ಪಟ್ಟಣದ ಜನ ಟಿಕೆಟ್ಟು ಕೊಂಡು ತೋಟದೊಳಗೆ ಹೋಗಿ ಕೋಳಿ ನೋಡುವುದನ್ನು ಕಂಡು ಬಂದ. ಅಂದಿನಿಂದ ಅವನ ಕಣ್ಣಿಗೆ ಮರಗಳು ಅಡ್ಡ ನಿಂತ ಹಾಗೆ ಕಾಣತೊಡಗಿದವು.

"ಹಣ್ಣು ಮಾರೋದ್ರಲ್ಲಿ ಏನಿದೆ ಅಕ್ಕಾ? ತೋಟ ತೋರ್ಸೋದ್ರಲ್ಲಿದೆ ಲಾಭ" ಎಂದ.

"ತೋಟ ಕಡಿದ್ಮೇಲೆ ಏನು ತೋರಿಸ್ತೀಯ, ನಿನ್ನ ಹಲ್ಲಾ?" ಎಂದಳು ಅತ್ತೆ.

ಅವನು ನಗುತ್ತಲೇ ಕಡಿಸಿದ. ಕೆಳಗಿನ ಸಾಲುಗಳು ಹೋಗಿ ದೋಣಿ ಬಿಡುವ ಹೊಂಡ ಬಂತು. ನಡುವಿನ ಸಾಲುಗಳು ಹೋಗಿ ಮೇಕೆಗಳಿಗೆ ಬಣ್ಣದ ಬೇಲಿ ಬಂತು. ಫೋಟೋ ತೆಗೆಸಿಕೊಳ್ಳಲು ಹುಲ್ಲಿನ ಕಂತೆಗಳ ಗುಡ್ಡೆ, ಟ್ರಾಕ್ಟರ್ ಸವಾರಿ, ಮೇಯದ, ಹಾಲು ಕೊಡದ, ಸಗಣಿ ಹಾಕದ ಒಂದು ಸಿಮೆಂಟಿನ ಹಸು. ಕೊನೆಗೆ ಉಳಿದದ್ದು ಗೇಟಿನ ಪಕ್ಕದ ಒಂದೇ ಸಾಲು. ಅಮ್ಮ ಮೊಟ್ಟಮೊದಲು ನೆಟ್ಟ ಮರಗಳವು. ಮನೆಯಲ್ಲಿ ಎಲ್ಲರೂ ಅದನ್ನು ಹಳೇ ಸಾಲು ಎನ್ನುತ್ತಿದ್ದರು. ಅಲ್ಲಿ ತಮ್ಮ "ನೀವೇ ಕೀಳಿ, ನೀವೇ ತಿನ್ನಿ" ಎಂದು ಬೋರ್ಡು ಹಾಕಿಸಿದ. ಭಾನುವಾರಗಳಲ್ಲಿ ಬಸ್ಸು ತುಂಬ ಜನ ಬರತೊಡಗಿದರು.

ಈ ಮರಗಳಿಗೆ ಒಂದು ಸ್ವಭಾವವಿತ್ತು. ಒಂದು ವರ್ಷ ಕೊಂಬೆ ಜಗ್ಗುವಷ್ಟು ಬಿಡುತ್ತಿದ್ದವು, ಮರುವರ್ಷ ಎಲೆ ಬಿಟ್ಟರೆ ಬೇರೇನೂ ಇಲ್ಲ. "ಒಂದು ವರ್ಷ ಹೆರುತ್ತೆ, ಒಂದು ವರ್ಷ ಉಸಿರಾಡುತ್ತೆ. ಉಸಿರಾಡೋವಾಗ ತೊಂದರೆ ಕೊಡಬಾರದು" ಎಂದು ಅಮ್ಮ ಹೇಳುತ್ತಿದ್ದಳು. ತಮ್ಮನೂ ಆ ಮಾತು ಕೇಳಿಯೇ ಬೆಳೆದವನು. ಆದರೂ ಉಸಿರಾಡುವ ವರ್ಷಕ್ಕೇ ಬಸ್ಸಿನವರಿಗೆ ಮಾತು ಕೊಟ್ಟು ಕೂತ.

ಶನಿವಾರ ಮಧ್ಯಾಹ್ನ ಸಗಟು ಮಾರುಕಟ್ಟೆಯಿಂದ ಒಂದು ಗಾಡಿ ಬಂತು. ಅದರ ತುಂಬ ಪ್ಲಾಸ್ಟಿಕ್ ಕ್ರೇಟು, ಕ್ರೇಟಿನ ತುಂಬ ಮೇಣ ಹಚ್ಚಿ ಮಿರಮಿರ ಮಿಂಚುವ ಕಿತ್ತಳೆ. ತಮ್ಮ ಒಂದು ಸುರುಳಿ ತೆಳು ತಂತಿಯನ್ನು ಅಕ್ಕನ ಮುಂದೆ ಇಟ್ಟ.

"ಏನಿದು?"

"ಕಟ್ಟಬೇಕು ಅಕ್ಕಾ. ನಾಳೆ ಒಂದು ದಿನಕ್ಕೆ. ಕೆಲಸದವರ ಕೈಲಿ ಕಟ್ಟಿಸಿದ್ರೆ ಎದ್ದು ಕಾಣುತ್ತೆ. ಹಣ್ಣು ಕೊಂಬೇಲಿ ಹೇಗೆ ಕೂರುತ್ತೆ ಅಂತ ಗೊತ್ತಿರೋದು ನಿನಗೆ ಮಾತ್ರ."

ಅತ್ತೆ ಬಾಯಿಗೆ ಬಂದಹಾಗೆ ಬೈದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ ಎಂದಳು. ಬಂದವರ ಕಣ್ಣಿಗೆ ಮಣ್ಣೆರಚಲು ನಮ್ಮ ತೋಟದ್ದೇ ಮಣ್ಣು ಬೇಕಾಯಿತೇನೋ ಎಂದಳು. ತಮ್ಮ ಎಲ್ಲವನ್ನೂ ತಲೆ ಬಗ್ಗಿಸಿ ಕೇಳಿ, ಕೊನೆಯಲ್ಲಿ ಮೆಲ್ಲಗೆ ಹೇಳಿದ:

"ನಾಳೆ ಜನ ಬರಿಗೈಲಿ ವಾಪಸ್ ಹೋದ್ರೆ ನಾಡಿದ್ದು ಜೆಸಿಬಿ ಕರೆಸ್ತೀನಿ. ಈ ಸಾಲು ತೆಗೆದ್ರೆ ಬಸ್ಸು ನಿಲ್ಲಿಸೋಕೆ ಜಾಗ ಆಗುತ್ತೆ. ನೀನೇ ಯೋಚನೆ ಮಾಡು."

ಅತ್ತೆ ಯೋಚನೆ ಮಾಡಿದಳು. ಆಮೇಲೆ ತಂತಿ ಎತ್ತಿಕೊಂಡಳು.

ಮಾರುಕಟ್ಟೆಯ ಹಣ್ಣಿಗೆ ತೊಟ್ಟು ಇರುವುದಿಲ್ಲ. ದಾರದಲ್ಲಿ ಕಟ್ಟಿದರೆ ಜಾರುತ್ತದೆ. ಆದ್ದರಿಂದ ಪ್ರತಿ ಹಣ್ಣಿನ ನೆತ್ತಿಗೆ ತಂತಿ ಚುಚ್ಚಿ, ಒಳಗೆ ಬಾಗಿಸಿ, ಎಲೆಯ ಮರೆಯಲ್ಲಿ ಕೊಂಬೆಗೆ ಸುತ್ತಬೇಕು. ಅದಕ್ಕೂ ಮೊದಲು ಹಣ್ಣಿಗೆ ಅಂಟಿಸಿದ ಸ್ಟಿಕ್ಕರನ್ನು ಉಗುರಿನಿಂದ ಕೀಳಬೇಕು. ರಸ ಮೊಣಕೈವರೆಗೆ ಹರಿಯಿತು. ತಾನೇ ಕಸಿ ಕಟ್ಟಿದ ಕೊಂಬೆಗಳಿಗೆ ತಾನೇ ತಂತಿ ಬಿಗಿಯುತ್ತಾ ಅತ್ತೆ ಹಲ್ಲು ಕಡಿದಳು. ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಕೋಪ ಬಂತು. ಆ ಮಂಜುಗಣ್ಣಿನಲ್ಲಿ ಒಂದು ಸ್ಟಿಕ್ಕರು ಹಾಗೇ ಉಳಿದುಹೋಯಿತು.

ಬೆಳಿಗ್ಗೆ ನೋಡಿದರೆ ಪ್ರತಿ ಮರಕ್ಕೂ ಇರುವೆ ಸಾಲು. ರಸದ ವಾಸನೆ ಹಿಡಿದು ಬುಡದಿಂದ ತುದಿಯವರೆಗೆ ಹತ್ತಿದ್ದವು. "ಸಾವಯವ ಅಂದ್ರೆ ಇರುವೆ ಇರಲೇಬೇಕು" ಎಂದು ತಮ್ಮ ಬಸ್ಸಿನವರಿಗೆ ವಿವರಿಸುತ್ತಿದ್ದ. ಜನ ತಲೆದೂಗಿದರು. ಕಿತ್ತರು, ಬುಟ್ಟಿಗೆ ಹಾಕಿಕೊಂಡರು, ಕೊಂಬೆಗೆ ಕೆನ್ನೆ ತಾಗಿಸಿ ಫೋಟೋ ತೆಗೆಸಿಕೊಂಡರು. ಅತ್ತೆ ಏಣಿ ಹಿಡಿದು ಒಂದು ಪಕ್ಕದಲ್ಲಿ ತುಟಿ ಕಚ್ಚಿ ನಿಂತಿದ್ದಳು.

ದಪ್ಪ ಕನ್ನಡಕದ ಹೆಂಗಸೊಬ್ಬಳು ಕೊಂಬೆಯಲ್ಲಿದ್ದ ಹಣ್ಣನ್ನು ತಿರುಗಿಸಿ ನೋಡಿ ಗಟ್ಟಿಯಾಗಿ ಕೇಳಿದಳು: "ನಿಮ್ಮ ಮರ ಸ್ಟಿಕ್ಕರ್ ಸಮೇತ ಬಿಡುತ್ತಾ?"

ಸುತ್ತ ಇದ್ದವರು ಗೊಳ್ಳೆಂದರು. ತಮ್ಮ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಉತ್ತರ ಕೊಟ್ಟ. "ಅದು ನಮ್ಮ ತೋಟದ ಗುರುತು ಮೇಡಂ. ನಮ್ಮ ತಾಯಿ ನೆಟ್ಟ ಮರ. ಅವರ ಕೈಗುಣ ನೋಡಿ, ಒಂದು ವರ್ಷಾನೂ ತಪ್ಪದೆ ಬಿಡುತ್ತೆ."

ಸುಳ್ಳು ಹೇಳಿದ್ದನ್ನು ಅತ್ತೆ ಹೇಗೋ ಸಹಿಸಿಕೊಂಡಿದ್ದಳು. ಆ ಸುಳ್ಳಿಗೆ ಅಮ್ಮನನ್ನು ಸಾಕ್ಷಿ ಕರೆದದ್ದನ್ನು ಸಹಿಸಲಿಲ್ಲ. ಬಾಯಿ ಬಿಟ್ಟರೆ ನಾಳೆ ಜೆಸಿಬಿ ಬರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದೂ ಬಾಯಿ ಬಿಟ್ಟಳು.

"ಸುಳ್ಳು! ಇದು ಈ ಮರದ ಹಣ್ಣೇ ಅಲ್ಲ. ನಿನ್ನೆ ಪೇಟೆಯಿಂದ ಬಂದಿದ್ದು. ತಂತಿ ಚುಚ್ಚಿ ಕಟ್ಟಿದ್ದು ನಾನೇ, ಇದೇ ಕೈಯಲ್ಲಿ. ಈ ವರ್ಷ ಈ ಮರಗಳು ಒಂದು ಕಾಯಿನೂ ಬಿಟ್ಟಿಲ್ಲ. ನಿಮಗೆ ಮೋಸ ಆಗಿದೆ. ಬೈಯಿರಿ, ಜಗಳ ಆಡಿ, ಟಿಕೆಟ್ ದುಡ್ಡು ವಾಪಸ್ ಕೇಳಿ!"

ತಮ್ಮನ ಮುಖ ಬಿಳುಚಿಕೊಂಡಿತು. ಅತ್ತೆ ಎದೆ ಗಟ್ಟಿ ಮಾಡಿಕೊಂಡು ಕಾದಳು.

ಕನ್ನಡಕದವಳು ನಕ್ಕಳು. "ಅಷ್ಟೇನಾ? ಹೋಗ್ಲಿ ಬಿಡಿ ಅಜ್ಜಿ, ಪರವಾಗಿಲ್ಲ."

"ಫೋಟೋ ಅಂತೂ ಚೆನ್ನಾಗಿ ಬಂದಿದೆ" ಎಂದ ಅವಳ ಗಂಡ.

"ಅಜ್ಜಿ, ಸ್ವಲ್ಪ ಕೆಳಗೆ ಕಟ್ಟಿದ್ರೆ ನಮ್ಮ ಪುಟ್ಟಿಗೂ ಎಟುಕ್ತಿತ್ತು" ಎಂದಳು ಮಗು ಎತ್ತಿಕೊಂಡ ಇನ್ನೊಬ್ಬಳು. "ಅದೊಂದನ್ನ ಬಿಚ್ಚಿ ಈ ಕೊಂಬೆಗೆ ಕಟ್ಟಿಕೊಡ್ತೀರಾ?"

ಅಜ್ಜಿ ಎಂದದ್ದಕ್ಕೂ ಕೋಪ ಬರಬೇಕಿತ್ತು, ಒಳಗೆ ಜಾಗವಿರಲಿಲ್ಲ. ನಿಜ ಹೇಳಿ ಸಾಲನ್ನು ಕಳೆದುಕೊಳ್ಳಲು ಅವಳು ಸಿದ್ಧಳಾಗಿದ್ದಳು. ನಿಜ ಹೇಳಿದರೂ ಯಾರಿಗೂ ಏನೂ ಅನ್ನಿಸದಿದ್ದರೆ ಏನು ಮಾಡಬೇಕೆಂದು ಅಮ್ಮ ಕಲಿಸಿರಲಿಲ್ಲ. ಏಣಿಯನ್ನು ಅಲ್ಲೇ ಬಿಸಾಕಿ ಒಳಗೆ ಹೋಗಿ, ಅಡುಗೆಮನೆಯ ನಲ್ಲಿ ಬಿಟ್ಟು ಕೈ ತೊಳೆದಳು. ಮತ್ತೆ ತೊಳೆದಳು.

ಸೋಮವಾರ ಜೆಸಿಬಿ ಬರಲಿಲ್ಲ. ಬೋರ್ಡು ಬರೆಯುವವನು ಬಂದ. ತಮ್ಮನ ಬುದ್ಧಿ ರಾತ್ರಿಯೆಲ್ಲ ಕೆಲಸ ಮಾಡಿತ್ತು. ಹೊಸ ಬೋರ್ಡಿನಲ್ಲಿ ಹಳೇ ಸಾಲಿನ ದೊಡ್ಡ ಚಿತ್ರ, ಕೆಳಗೆ "ನೀವೇ ಕಟ್ಟಿ, ನೀವೇ ಕೀಳಿ" ಎಂದು. ಗೇಟಿನಲ್ಲಿ ಒಂದು ಬುಟ್ಟಿ ಕಿತ್ತಳೆ, ತುಂಡು ತುಂಡು ತಂತಿ. ಜನ ಮುಗಿಬಿದ್ದರು. "ನೋಡಿದ್ಯಾ ಅಕ್ಕಾ, ನಿನ್ನ ಬಾಯಿಂದ ಒಳ್ಳೇದೇ ಆಯ್ತು" ಎಂದು ತಮ್ಮ ಮನಸಾರೆ ಹೇಳಿದ. ಅವನು ಗೇಲಿ ಮಾಡಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮರುವರ್ಷ ಮರಗಳು ಕೊಟ್ಟ ಮಾತು ಉಳಿಸಿಕೊಂಡವು. ಹೂವಿನ ವಾಸನೆ ಮನೆಯೊಳಗಿನ ಹಾಸಿಗೆಯವರೆಗೆ ಬಂತು. ಕಾಯಿ ಕಟ್ಟಿತು, ಹಣ್ಣಾಯಿತು. ಗಾತ್ರದಲ್ಲಿ ಸಣ್ಣವು, ಸಿಪ್ಪೆ ದಪ್ಪ, ಅಲ್ಲಲ್ಲಿ ಹಸಿರು. ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಸಿಹಿ. ಅತ್ತೆ ಭಾರದ ಕೊಂಬೆಗಳಿಗೆಲ್ಲ ಕವೆಗೋಲು ಕೊಟ್ಟು ಕಾದಳು. ಈ ಸಲ ನಿಜವಾದದ್ದನ್ನು ನೋಡುತ್ತಾರೆ, ಕೀಳುತ್ತಾರೆ, ಕಳೆದ ವರ್ಷದ್ದು ಎಷ್ಟು ನಾಚಿಕೆಗೇಡು ಎಂದು ಅವರಿಗೇ ತಿಳಿಯುತ್ತದೆ ಎಂದುಕೊಂಡಿದ್ದಳು.

ಬಂದವರು ಮರದ ಹಣ್ಣನ್ನು ನೋಡಿ, "ಇದಿನ್ನೂ ಹಣ್ಣಾಗಿಲ್ಲ" ಎಂದರು. ಗೇಟಿನ ಬುಟ್ಟಿಯಿಂದ ಮಿಂಚುವ ಹಣ್ಣು ಕೊಂಡು, ಹಣ್ಣು ತುಂಬಿದ ಮರಕ್ಕೇ ತಂದು ಕಟ್ಟಿದರು.

ಒಬ್ಬ ದಾಂಡಿಗ, ಒಂದೇ ಕೊಂಬೆಗೆ ಬುಟ್ಟಿಯನ್ನೆಲ್ಲ ಕಟ್ಟಿ, ಫೋಟೋಗೆಂದು ಅದನ್ನು ಮುಖದವರೆಗೆ ಜಗ್ಗಿದ. ಕೊಂಬೆ ಬುಡದಿಂದಲೇ ಸೀಳಿ, ಕಾಂಡದ ತೊಗಟೆಯನ್ನೂ ಎಳೆದುಕೊಂಡು, ತನ್ನ ಹಣ್ಣುಗಳ ಸಮೇತ ನೆಲಕ್ಕೆ ಬಿತ್ತು. ಅದು ಅಮ್ಮ ಅವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಮರ.

"ಸಾರಿ ಅಜ್ಜಿ, ಎಷ್ಟಾಗುತ್ತೆ ಹೇಳಿ, ಕೊಡ್ತೀನಿ" ಎಂದ.

ಅತ್ತೆ ಅವನನ್ನು ಬೈಯಲಿಲ್ಲ. ಮನೆಯವರಿಗೆ ಅದನ್ನು ಕಂಡೇ ಹೆದರಿಕೆಯಾಯಿತು. ಅವಳು ಸೀಳಿದ ಗಾಯಕ್ಕೆ ಲೇಪ ಹಚ್ಚಿದಳು, ಉಳಿದ ಹಣ್ಣು ಮುಗಿಯುವವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಕೊಯ್ಲು ಮುಗಿದ ಮೇಲೆ, ತೋಟಕ್ಕೆ ರಜೆಯಿದ್ದ ಒಂದು ದಿನ, ತಮ್ಮ ಬಸ್ಸಿನವರ ಜೊತೆ ಮಾತಾಡಲು ಪೇಟೆಗೆ ಹೋಗಿದ್ದ. ಅತ್ತೆ ಕತ್ತರಿ ಮಸೆದಳು, ಗರಗಸ ತಂದಳು, ಹಳೇ ಸಾಲಿಗೆ ಇಳಿದಳು. ಮೊದಲ ಮರದಿಂದ ಕೊನೆಯ ಮರದವರೆಗೆ, ನಿಂತ ಮನುಷ್ಯನ ಕೈಗೆ ಎಟುಕುವ ಕೊಂಬೆಗಳನ್ನೆಲ್ಲ ತೆಗೆದುಹಾಕಿದಳು. ಕೋಪದ ಕೆಲಸವಾದರೂ ಕೆಟ್ಟ ಕೆಲಸವಲ್ಲ. ಒಂದು ಮೋಟು ಉಳಿಸಲಿಲ್ಲ, ಒಂದು ತೊಗಟೆ ಹರಿಯಲಿಲ್ಲ, ಪ್ರತಿ ಗಾಯಕ್ಕೂ ಲೇಪ ಹಚ್ಚಿದಳು.

ತಮ್ಮನ ಹೆಂಡತಿ ಮುಂಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಡೆಯುವ ಧೈರ್ಯ ಅವಳಿಗಿರಲಿಲ್ಲ. "ಅತ್ತಿಗೆ, ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?" ಎಂದಳು.

"ಮೂಗು ಬರಲ್ಲ ಕಣೇ. ಕೊಂಬೆ ಬರುತ್ತೆ. ಆದ್ರೆ ಮೇಲೆ ಬರುತ್ತೆ."

ಸಂಜೆ ತಮ್ಮ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. "ಏನು ಮಾಡ್ಬಿಟ್ಟೆ ಅಕ್ಕಾ! ಜನ ಇನ್ನೆಲ್ಲಿ ಕಟ್ತಾರೆ?"

"ನಿನ್ನ ಕಿವಿಗೆ ಕಟ್ಲಿ."

"ನಾಳೇನೇ ಜೆಸಿಬಿ ಕರೆಸ್ತೀನಿ!"

"ಕರೆಸು. ರಸ್ತೆ ಉದ್ದಕ್ಕೂ ಬೋರ್ಡಿನಲ್ಲಿ ಈ ಸಾಲಿನ ಚಿತ್ರಾನೇ ಹಾಕಿಸಿದ್ದೀಯ. ಸಾಲು ತೆಗೆದ್ಮೇಲೆ ಅಲ್ಲಿ ಯಾರ ಮುಖ ಬರೆಸ್ತೀಯ? ಆ ಸಿಮೆಂಟ್ ಹಸೂದಾ?"

ಬುದ್ಧಿವಂತನಿಗೆ ತನ್ನ ಬುದ್ಧಿಯೇ ಅಡ್ಡ ಬಂದು ನಿಂತಿತು. ಅತ್ತೆ ಏಣಿಯನ್ನು ತನ್ನ ಕೋಣೆಗೆ ಹೊತ್ತುಕೊಂಡು ಹೋಗಿ, ಮಂಚದ ಕಾಲಿಗೆ ಸರಪಳಿ ಹಾಕಿ ಬೀಗ ಜಡಿದಳು. ಅಕ್ಕ ತಮ್ಮ ಒಂದು ತಿಂಗಳು ಮಾತು ಬಿಟ್ಟರು. ಊಟಕ್ಕೆ ಮಾತ್ರ ಒಟ್ಟಿಗೆ ಕೂರುತ್ತಿದ್ದರು. ಉಪ್ಪು ಬೇಕಾದರೆ ತಮ್ಮನ ಹೆಂಡತಿಯ ಮೂಲಕ ಕೇಳುತ್ತಿದ್ದರು.

ಮತ್ತೆ ಉಸಿರಾಡುವ ವರ್ಷ ಬಂತು. ಭಾನುವಾರ ಬಸ್ಸೂ ಬಂತು. ದಪ್ಪ ಕನ್ನಡಕದ ಹೆಂಗಸು ಈ ಸಲ ತಂಗಿಯನ್ನೂ ಕರೆದುಕೊಂಡು, ಕೈಯಲ್ಲೊಂದು ಚೀಲ ಹಿಡಿದು ಇಳಿದಳು. ಮರದ ಕೆಳಗೆ ನಿಂತು ಕೈ ಚಾಚಿದಳು, ತುದಿಗಾಲಲ್ಲಿ ನಿಂತಳು, ಎಟುಕಲಿಲ್ಲ. ಚೀಲದೊಳಗಿನಿಂದ ಮಿಂಚುವ ಕಿತ್ತಳೆ ಇಣುಕುತ್ತಿತ್ತು.

"ಅಜ್ಜಿ, ಏಣಿ ಇಲ್ವಾ?"

ಅತ್ತೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದಳು. "ಇದೆ. ಕೀಳೋರಿಗೆ ಕೊಡ್ತೀನಿ. ಕಟ್ಟೋರಿಗೆ ಕೊಡಲ್ಲ."

"ಕೀಳೋಣ ಅಂದ್ರೆ ಮರದಲ್ಲಿ ಹಣ್ಣೇ ಇಲ್ವಲ್ಲ!"

"ಇಲ್ಲ. ಈ ವರ್ಷ ಉಸಿರಾಡ್ತಿದೆ. ಮುಂದಿನ ವರ್ಷ ಬನ್ನಿ."

ಹೆಂಗಸು ಮೇಲೆ ನೋಡಿದಳು, ಅತ್ತೆಯನ್ನು ನೋಡಿದಳು, ತಂಗಿಯ ಕಡೆ ತಿರುಗಿ ಹುಬ್ಬು ಹಾರಿಸಿದಳು. ಇಬ್ಬರೂ ಚೀಲ ಹಿಡಿದು ಮೇಕೆಗಳ ಕಡೆ ಹೊರಟರು. ಅತ್ತೆಯ ಕೋಪ ಇಳಿಯಿತು ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಅವಳು ಕತ್ತರಿ ಕೆಳಗಿಟ್ಟು, ಅವರ ಬೆನ್ನಿಗೆ ಕೇಳಿಸುವಂತೆ ಕೂಗಿದಳು:

"ಬರೋವಾಗ ಬರಿಗೈಲಿ ಬನ್ನಿ!"